‘ಒಂದು ಮೊಟ್ಟೆಯ ಕಥೆ’: ಒಂದು ವಿಮರ್ಶೆ

ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಲ್ಲಿ ಬಹುಮಂದಿಯ ಮನೆಮಾತು ತಮಿಳು. ಆ ನುಡಿಯಲ್ಲಿ ‘ಮೊಟ್ಟೈ’ ಎಂದರೆ ಬೋಳುತಲೆ. ಆದ್ದರಿಂದ ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ, ತಾವೇ ನಾಯಕರಾಗಿ ಅಭಿನಯಿಸಿದ, 2017ರಲ್ಲಿ ತೆರೆಕಂಡ ಈ ಚಿತ್ರದ ಹೆಸರು ಇಲ್ಲಿಯವರಿಗೆ ವಿವರಣೆಯಿಲ್ಲದೆಯೇ ಅರ್ಥವಾದೀತು.

ಕಥಾನಾಯಕ ಜನಾರ್ದನ ಮಂಗಳೂರಿನ ಕಾಲೇಜೊಂದರ ಕನ್ನಡ ಅಧ್ಯಾಪಕ, ಡಾ. ರಾಜಕುಮಾರರ ಅಭಿಮಾನಿ. ತಾರುಣ್ಯದಲ್ಲೇ ಕೂದಲು ಉದುರಿದೆ. ನೋಡಿದ ಕನ್ಯೆಯರಾರೂ ಒಪ್ಪುತ್ತಿಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳ ನಗು, ಮನೆಯಲ್ಲಿ ಹೆತ್ತವರ ಚಿಂತೆ. ಅವನ ಅಂತರಂಗವನ್ನು ಬಲ್ಲವನೆಂದರೆ ಕಾಲೇಜಿನ ಜವಾನ ಶ್ರೀನಿವಾಸ. ಪ್ರಕಾಶ್ ತುಮಿನಾಡು ಅವರ ಸಹಜಾಭಿನಯದಿಂದ ಕಳೆಗಟ್ಟಿರುವ ಈ ಸ್ನೇಹವೇ ಚಿತ್ರದ ಜೀವಾಳವೆಂದು ನಮ್ಮ ಭಾವನೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಕೇಳುತ್ತಲೇ ಬೆಳೆದವರು ನಾವು. ಆದರೆ ನಮ್ಮಲ್ಲಿ ಎಷ್ಟು ಮಂದಿ ಕಚೇರಿಯ ಜವಾನನೊಡನೆ ಮನಬಿಚ್ಚಿ ಮಾತನಾಡಿದ್ದೇವೆ?

ಮುಂದೆ ಸ್ಥೂಲಕಾಯದ ಸರಳಾ ಎದುರಾಗುತ್ತಾಳೆ. ತನ್ನ ರೂಪಕ್ಕಾಗಿ ನಗೆಗೀಡಾದವನೇ ಆಗ ಅವಳ ರೂಪವನ್ನು ಅಳೆಯತೊಡಗುತ್ತಾನೆ. ಅದುವರೆಗೆ ಅವನೊಡನೆ ನಗುತ್ತಿದ್ದ ಪ್ರೇಕ್ಷಕ ಇಲ್ಲಿ ತಟ್ಟನೆ ಮೌನಿಯಾಗುತ್ತಾನೆ. ಅಳತೆಗೋಲು ತನ್ನ ಕೈಯಲ್ಲಿಯೂ ಇದೆಯೆಂದು ಅವನಿಗೆ ಅರಿವಾಗುತ್ತದೆ. ಹೆಸರಾಂತ ತಾರೆಯರಿಲ್ಲದ, ಅಲ್ಪ ವೆಚ್ಚದ ಹಾಸ್ಯಚಿತ್ರವೊಂದು ಇಷ್ಟನ್ನು ಸಾಧಿಸಿದ್ದು ಸಣ್ಣ ಮಾತಲ್ಲ. 2019ರಲ್ಲಿ ಇದು ‘ಉಜಡಾ ಚಮನ್’ ಎಂಬ ಹೆಸರಿನಿಂದ ಹಿಂದಿಗೂ ಹೋಯಿತು.

ಕೊರತೆ ಇಲ್ಲವೆಂದಲ್ಲ. ಜನಾರ್ದನನ ನೋವಿಗೆ ದೊರೆತಷ್ಟು ಅವಕಾಶ ಸರಳೆಯ ನೋವಿಗೆ ದೊರೆತಿಲ್ಲ. ಅವಳ ಕಡೆಯಿಂದಲೂ ಒಮ್ಮೆ ಕಥೆಯನ್ನು ಕಂಡಿದ್ದರೆ ಆ ಮೌನ ಇನ್ನಷ್ಟು ಆಳವಾಗುತ್ತಿತ್ತು.