ಫಲಿತಾಂಶ ಮೊದಲೇ ಗೊತ್ತಿರುವ ಸಂಶೋಧನೆ

ಬಿ.ಎಡ್. ಮಾಡಿದವರಿಗೆಲ್ಲ ಕ್ರಿಯಾ ಸಂಶೋಧನೆಯ, ಅಂದರೆ ಶಿಕ್ಷಕರು ತಮ್ಮದೇ ತರಗತಿಯ ಸಮಸ್ಯೆಯ ಮೇಲೆ ನಡೆಸುವ ಅಧ್ಯಯನದ, ವರದಿ ಹೇಗಿರುತ್ತದೆಂದು ಗೊತ್ತು. ಸಮಸ್ಯೆ, ಸಂಭವನೀಯ ಕಾರಣಗಳು, ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಒಂದಷ್ಟು ಚಟುವಟಿಕೆ, ಆಮೇಲೆ ಇನ್ನೊಂದು ಪರೀಕ್ಷೆ, ಶೇಕಡಾವಾರು ಕೋಷ್ಟಕ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಮಕ್ಕಳೆಲ್ಲ ಸುಧಾರಿಸಿರುತ್ತಾರೆ. ಸುಧಾರಿಸದಿದ್ದರೆ ಅಂಕ ಕಡಿಮೆಯಾದೀತೆಂಬ ಅಂಜಿಕೆ ಬರೆಯುವವರಿಗೂ ಇದೆ, ಬರೆಸುವವರಿಗೂ ಇದೆ.

ಮೂಲದ ಆಶಯ ಬೇರೆಯೇ ಇತ್ತು. 1940ರ ದಶಕದಲ್ಲಿ ಅಮೆರಿಕದಲ್ಲಿ ಕರ್ಟ್ ಲೆವಿನ್ ‘ಕ್ರಿಯಾ ಸಂಶೋಧನೆ’ ಎಂಬ ಹೆಸರನ್ನು ಚಾಲ್ತಿಗೆ ತಂದರು. 1975ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಇನ್ನೂ ಮುಂದೆ ಹೋಗಿ, ಪಠ್ಯಕ್ರಮವೆಂಬುದೇ ಒಂದು ಊಹೆ, ಅದನ್ನು ತರಗತಿಯಲ್ಲಿ ಪರೀಕ್ಷಿಸಿ ನೋಡಬೇಕಾದವರು ಶಿಕ್ಷಕರೇ ಎಂದು ವಾದಿಸಿದರು. ಊಹೆ ಸುಳ್ಳಾಗಬಹುದು. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ದಶಕ ಸಹಿತ ಕಳೆಯುವ ಲೆಕ್ಕವನ್ನೇ ನೋಡಿ. 52ರಲ್ಲಿ 38 ಕಳೆ ಎಂದರೆ ಮಗು 26 ಎಂದು ಬರೆಯುತ್ತದೆ. ವರದಿಯ ಭಾಷೆಯಲ್ಲಿ ಇದು ‘ವ್ಯವಕಲನದಲ್ಲಿ ಹಿಂದುಳಿದಿರುವಿಕೆ’. ಕಾರಣಗಳು ಗೈರುಹಾಜರಿ, ಪೋಷಕರ ನಿರ್ಲಕ್ಷ್ಯ, ಆಸಕ್ತಿಯ ಕೊರತೆ. ಅದೇ ಮಗು 71ರಲ್ಲಿ 45 ಕಳೆದು 34 ಅನ್ನುತ್ತದೆ, 60ರಲ್ಲಿ 27 ಕಳೆದು 47 ಅನ್ನುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಗುಟ್ಟು ಬಯಲಾಗುತ್ತದೆ: ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ. ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕು ಎಂದು ಮೊದಲು ಹೇಳಿಕೊಟ್ಟವರು ನಾವೇ ಅಲ್ಲವೆ! ಇಂಥ ಮಗುವಿಗೆ ಇನ್ನಷ್ಟು ಲೆಕ್ಕ ಮಾಡಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. ಹತ್ತು ಕಡ್ಡಿಯ ಕಟ್ಟು ಬಿಚ್ಚಿಸಿ ತೋರಿಸಿದರೆ 14 ಎಂದು ಸರಿಯಾಗಿಯೇ ಎಣಿಸಿ, ಹಾಳೆಯ ಮೇಲೆ ಮತ್ತೆ 26 ಬರೆಯುವ ಮಕ್ಕಳೂ ಇದ್ದಾರೆ. ಕಡ್ಡಿಗೂ ಹಾಳೆಗೂ ಸಂಬಂಧವಿಲ್ಲ ಎಂದು ಅವರಿಗೆ ಅನ್ನಿಸುವುದೇಕೆ? ಸಂಶೋಧನೆ ಶುರುವಾಗುವುದು ಇಲ್ಲಿ. ವರದಿಯಾದರೋ ಇಷ್ಟರಲ್ಲಿ ಬೈಂಡಿಂಗ್‌ಗೆ ಹೋಗಿರುತ್ತದೆ.

ನಮ್ಮ ಶಿಕ್ಷಕರಿಗೆ ಇದೆಲ್ಲ ಆಗದ ಕೆಲಸ ಎನ್ನುವಂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು, ಮಗು ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತ ಹೋಗುವ ‘ಕಲಿಕಾ ಏಣಿ’ ಕಟ್ಟಿದರು. ನಲಿ-ಕಲಿ ಪದ್ಧತಿ ಹುಟ್ಟಿದ್ದು ಹಾಗೆ. ಯಾವ ಮೆಟ್ಟಿಲಲ್ಲಿ ಮಗು ನಿಲ್ಲುತ್ತದೆ, ಯಾವ ಅಕ್ಷರ ಮೊದಲು ಬರಬೇಕು ಎಂದು ಅವರು ಚರ್ಚಿಸಿದ್ದು ಅಪ್ಪಟ ಸಂಶೋಧನೆಯೇ, ಆ ಹೆಸರು ಅದಕ್ಕಿರಲಿಲ್ಲ ಅಷ್ಟೆ. 2009-10ರಲ್ಲಿ ಅದು ರಾಜ್ಯದುದ್ದಕ್ಕೂ ಹರಡಿತು. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳಿಗೆ ಇದರಿಂದ ನಿಜಕ್ಕೂ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಹೆಗ್ಗಡದೇವನಕೋಟೆಯವರಿಗೆ ಹುಡುಕಾಟವಾಗಿದ್ದದ್ದು ಉಳಿದವರ ಕೈಗೆ ಅಚ್ಚಾದ ಕಾರ್ಡಾಗಿ, ಸುತ್ತೋಲೆಯಾಗಿ ಬಂತು. ಏಣಿಯ ಮೆಟ್ಟಿಲು ಬದಲಿಸುವ ಅಧಿಕಾರ ಮಾತ್ರ ಜೊತೆಗೆ ಬರಲಿಲ್ಲ.

ಇಂಥ ಹುಡುಕಾಟ ಶಿಕ್ಷಕರ ಕೈಯಲ್ಲೇ ಉಳಿದಿರುವ ಕಡೆಗಳೂ ಇವೆ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಚರ್ಚಿಸುತ್ತಾರೆ. ನಮ್ಮಲ್ಲಿ ತರಗತಿಗೆ ಹೊರಗಿನವರು ಬಂದರೆ ಕಣ್ಣೆಲ್ಲ ಮೇಷ್ಟ್ರ ಮೇಲೆ, ಮಿಕ್ಕದ್ದು ದಾಖಲೆ ಪುಸ್ತಕದ ಮೇಲೆ.

ಇದನ್ನು ಬದಲಿಸಲು ಹೊಸ ಸಲಕರಣೆಯೇನೂ ಬೇಕಾಗಿಲ್ಲ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದ್ದೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಬೆಳವಣಿಗೆಯನ್ನು ನಿರೀಕ್ಷಿಸುತ್ತದೆ. ಅದರಲ್ಲಿ ಒಂದಷ್ಟು ಗಂಟೆ ಉಪನ್ಯಾಸ ಬಿಟ್ಟು, ಎಲ್ಲರೂ ತಪ್ಪು ಉತ್ತರಗಳಿರುವ ನೋಟ್‌ಪುಸ್ತಕ ತಂದು ನಡುವೆ ಹರಡಿಕೊಳ್ಳಲಿ. ಸಭೆಯ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿದ್ದರೂ ನಡೆದೀತು. ಬಿ.ಎಡ್. ವರದಿಯಲ್ಲಿ ‘ನಾನು ಮಾಡಿದ್ದು ಫಲ ಕೊಡಲಿಲ್ಲ, ಬಹುಶಃ ಇದಕ್ಕಾಗಿ’ ಎಂದು ಬರೆದ ಪ್ರಶಿಕ್ಷಣಾರ್ಥಿಗೆ ಪೂರ್ತಿ ಅಂಕ ಸಿಗುವಂತಾದರೆ ಮಾತ್ರ ಮುಂದೆ ಆ ಸಭೆಯಲ್ಲಿ ನೋಟ್‌ಪುಸ್ತಕ ಬಿಚ್ಚಲು ಯಾರಾದರೂ ಮುಂದಾಗುತ್ತಾರೆ.