ಮಸಿಯ ಲೆಕ್ಕ ಬಲ್ಲವನು

ಡೀಸೆಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿತೆಂದರೆ ಓಡಿಸುವವರ ಎದೆ ಧಸಕ್ಕೆನ್ನುತ್ತದೆ. ಒಳ್ಳೆಯ ಮೆಕ್ಯಾನಿಕ್ ಮಾತ್ರ ಗಾಬರಿಯಾಗುವುದಿಲ್ಲ. ಸ್ಟೀರಿಂಗ್ ಕೆಳಗಿನ 16 ಪಿನ್ನುಗಳ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ‘ಪಿ2463’ ಎಂಬ ದೋಷದ ಕೋಡ್ ಬರುತ್ತದೆ: ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್‌ನಲ್ಲಿ ಮಸಿ ಮಿತಿಮೀರಿದೆ.

ಅವನ ಜಾಣ್ಮೆ ಶುರುವಾಗುವುದೇ ಇಲ್ಲಿಂದ; ಅದನ್ನು ನೋಡುವುದೇ ನನಗೊಂದು ಸಂತೋಷ. ಕೋಡನ್ನು ಅವನು ಕಣ್ಣುಮುಚ್ಚಿ ನಂಬುವುದಿಲ್ಲ, ಆತುರಪಟ್ಟು ಅಳಿಸುವುದೂ ಇಲ್ಲ. ಎಂಜಿನ್ ನಿಲ್ಲಿಸಿ, ಇಗ್ನಿಷನ್ ಆನ್ ಇಟ್ಟು, ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ನೋಡುತ್ತಾನೆ. ಅಂಕಿ ಸೊನ್ನೆಯ ಹತ್ತಿರವಿಲ್ಲದಿದ್ದರೆ ಸೆನ್ಸರಿನ ಮೇಲೇ ಅನುಮಾನ. ಅದಕ್ಕೆ ಹೋಗುವ ಎರಡು ಸಣ್ಣ ಪೈಪುಗಳನ್ನು ಬೆರಳಲ್ಲಿ ಸವರಿ ಕೂದಲೆಳೆಯಷ್ಟು ಬಿರುಕನ್ನೂ ಪತ್ತೆ ಹಚ್ಚುತ್ತಾನೆ. ಮಸಿ ನಿಜವಾಗಿಯೂ ಕಟ್ಟಿದ್ದರೆ ರೀಜನರೇಷನ್: ಎಂಜಿನ್ ಸದ್ದು ಏರುತ್ತದೆ, ಫಿಲ್ಟರಿನ ಕಾವು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ, ಮಸಿ ಉರಿದು ಒತ್ತಡದ ಅಂಕಿ ಇಳಿಯುತ್ತದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿ, ಮಸಿ ಏಕೆ ಕಟ್ಟಿತೆಂದು ತಿಳಿದ ಮೇಲಷ್ಟೇ ಕೋಡ್ ಅಳಿಸುತ್ತಾನೆ.

ಕೋಡ್ ಅಳಿಸುವುದು ಯಾರಿಗಾದರೂ ಸಾಧ್ಯ. ಅದು ಮತ್ತೆ ಬಾರದಂತೆ ಮಾಡುವವನೇ ನಿಜವಾದ ಕುಶಲಕರ್ಮಿ. ಅಂಥವರು ಸಿಕ್ಕರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.