ನಿಘಂಟುವಿನಲ್ಲಿ ಕಾದಂಬರಿಯ ಪ್ರಯೋಗ

ಶಬ್ದಕ್ಕೆ ಅರ್ಥವನ್ನು ಹೇಳುವುದು ನಿಘಂಟುಕಾರನ ಒಂದು ಕಾರ್ಯ. ಆ ಅರ್ಥವು ಭಾಷೆಯಲ್ಲಿ ಉಂಟೆಂಬುದನ್ನು ಪ್ರಯೋಗದಿಂದ ಸ್ಥಾಪಿಸುವುದು ಮತ್ತೊಂದು. ಎರಡನೆಯದಿಲ್ಲದಿದ್ದರೆ ಮೊದಲನೆಯದು ಹೇತುವಿಲ್ಲದ ಪ್ರತಿಜ್ಞೆಯಾಗಿ ಉಳಿಯುತ್ತದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನು ಆಧಾರವಾಗಿ ಕೊಟ್ಟನು. ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿದ ಕಿಟ್ಟೆಲರು 1894ರ ತಮ್ಮ ನಿಘಂಟುವಿನಲ್ಲಿ ಶಬ್ದಗಳ ಆಕರಗಳನ್ನು ಸೂಚಿಸಿದರು. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಈ ಪದ್ಧತಿಯನ್ನೇ ವಿಸ್ತರಿಸಿತು.

ಈಚೆಗೆ ನಿಘಂಟುಗಳು ಅಂತರ್ಜಾಲದಲ್ಲಿ ದೊರೆಯುತ್ತಿವೆ. ಶ್ರೀ ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಿಂದ 2019ರಲ್ಲಿ ಎಲ್ಲರಿಗೂ ಸುಲಭವಾಯಿತು. ಅದು ದ್ವಿಭಾಷಾ ಕೋಶವಾದುದರಿಂದ ಅಲ್ಲಿ ಅರ್ಥವೇ ಪ್ರಧಾನ. ಇನ್ನು ಮುಂದೆ ಪ್ರಯೋಗಸಹಿತವಾದ ಕೋಶವನ್ನು ಅಂತರ್ಜಾಲದಲ್ಲಿ ಕಟ್ಟುವವರು ಗದ್ಯಕ್ಕಾಗಿ ಕಾದಂಬರಿಯ ಕಡೆಗೆ ತಿರುಗದೆ ವಿಧಿಯಿಲ್ಲ. ಅದರ ವಿಧಾನವು ಹೇಗಿರತಕ್ಕುದೆಂಬುದೇ ಇಲ್ಲಿಯ ವಿಚಾರ.

ಕಾದಂಬರಿಯು ಬೀದಿಯ ಮಾತನ್ನು ಅನುಕರಿಸುವುದರಿಂದ ಅದು ಶಿಷ್ಟಪ್ರಯೋಗವಲ್ಲ, ಆದುದರಿಂದ ಪ್ರಮಾಣವೂ ಅಲ್ಲವೆಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಶಬ್ದದ ಸಾಧುತ್ವವನ್ನು ವಿಧಿಸುವುದು ವ್ಯಾಕರಣದ ಕಾರ್ಯ. ಅದರ ಅಸ್ತಿತ್ವವನ್ನು ತೋರಿಸುವುದು ನಿಘಂಟಿನ ಕಾರ್ಯ. 1884ರಿಂದ 1928ರವರೆಗೆ ಭಾಗಭಾಗವಾಗಿ ಅಚ್ಚಾದ ಆಕ್ಸ್‌ಫರ್ಡ್ ಮಹಾಕೋಶಕ್ಕಾಗಿ ಸ್ವಯಂಸೇವಕರಾದ ಓದುಗರು ಚೀಟಿಗಳಲ್ಲಿ ವಾಕ್ಯಗಳನ್ನು ಬರೆದು ಕಳುಹಿಸಿದರು. ವಿಕ್ಟೋರಿಯಾ ರಾಣಿಯ ಕಾಲದ ಡಿಕನ್ಸ್ ಮೊದಲಾದವರ ಕಾದಂಬರಿಗಳೂ ಅದಕ್ಕೆ ಆಕರಗಳಾದುವು.

ನಿಜವಾದ ತೊಡಕು ಬೇರೊಂದೆಡೆ ಇದೆ. ಕಾವ್ಯದಲ್ಲಿ ಯಾವ ಪಾತ್ರವು ಮಾತನಾಡಿದರೂ ಬಹುಮಟ್ಟಿಗೆ ಕವಿಯ ಒಂದೇ ಶೈಲಿಯು ಕೇಳಿಬರುತ್ತದೆ. ಕಾದಂಬರಿಯಲ್ಲಾದರೋ ಬಾಯಿಗಳು ಹಲವು. ಆ ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿಯೇ, ಎಂದರೆ 1899ರಲ್ಲಿ, ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ನೋಡಬಹುದು. ಬಾಲವಿಧವೆಯೊಬ್ಬಳ ವಿದ್ಯಾಭ್ಯಾಸವನ್ನೂ ಪುನರ್ವಿವಾಹವನ್ನೂ ನಿರೂಪಿಸುವ ಈ ಗ್ರಂಥದಲ್ಲಿ ‘ಸಂತ’ರ ಕಪಟವು ಬಯಲಾಗುತ್ತದೆ. ಅವರನ್ನು ನಂಬಿದ ಪಾತ್ರದ ಬಾಯಲ್ಲಿ ಆ ಶಬ್ದವು ಗೌರವಸೂಚಕ. ಕಪಟವನ್ನು ಬಲ್ಲ ನಿರೂಪಕನ ಮಾತಿನಲ್ಲಿ ಅದೇ ಶಬ್ದವು ವ್ಯಂಗ್ಯ. ವಕ್ತೃವನ್ನು ಹೇಳದೆ ವಾಕ್ಯವನ್ನಷ್ಟೇ ಕಿತ್ತು ‘ಸಾಧುಪುರುಷ’ ಎಂಬ ಅರ್ಥದ ಕೆಳಗಿಟ್ಟರೆ, ಅಕ್ಷರವೊಂದೂ ತಪ್ಪದಿದ್ದರೂ ಸಾಕ್ಷ್ಯವು ಸುಳ್ಳಾಗುತ್ತದೆ. ವಕ್ತೃವಿಶೇಷದಿಂದ ಅರ್ಥಾಂತರವು ಹೊಳೆಯುವುದೆಂದು ಆಲಂಕಾರಿಕರು ಹೇಳಿರುವುದನ್ನು ಕೋಶಕಾರನೂ ಮರೆಯಲಾಗದು.

ದೇಶವಿಶೇಷವನ್ನೂ ಹೀಗೆಯೇ ಗುರುತಿಸಬೇಕು. ಸಿರುಗುಪ್ಪ ತಾಲ್ಲೂಕಿನ ರಾರಾವಿಯ ಕಡೆಯ ಒಕ್ಕಲಿಗನಿಗೆ ‘ಎರೆ’ ಎಂದರೆ ಕಪ್ಪುಮಣ್ಣಿನ ನೆಲ. ಮಸಾರಿಯು ಅದಕ್ಕೆ ಪ್ರತಿಯಾದುದು. ಗಾಳಕ್ಕೆ ಸಿಕ್ಕಿಸುವ ‘ಎರೆ’ಯೂ ನೀರೆರೆಯುವ ‘ಎರೆ’ಯೂ ಬೇರೆ. ಅರ್ಥಗಳನ್ನು ಸಾಲಾಗಿ ಇಟ್ಟ ಮಾತ್ರಕ್ಕೆ ಯಾವುದು ಎಲ್ಲಿಯದೆಂದು ವಿದ್ಯಾರ್ಥಿಗೆ ತಿಳಿಯದು. ಪ್ರಯೋಗವೂ ಅದರ ಸೀಮೆಯ ಹೆಸರೂ ಇದ್ದರೆ ತಿಳಿದೀತು. ಕರಾವಳಿಯ ಕಾದಂಬರಿಯ ಮಾತು ನಾಡಿಗೆಲ್ಲ ಸಾಮಾನ್ಯವೆಂದು ಭಾವಿಸುವುದೂ, ಗ್ರಂಥಸ್ಥವಾಗದ ಗಡಿನಾಡಿನ ಮಾತು ಇಲ್ಲವೇ ಇಲ್ಲವೆಂದು ಬಿಡುವುದೂ ಒಂದೇ ದೋಷದ ಎರಡು ಮುಖಗಳು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಪಾದ್ರಿಯು 1832ರಲ್ಲಿಯೇ ಕನ್ನಡ-ಇಂಗ್ಲಿಷ್ ಕೋಶವನ್ನು ಹೊರತಂದನು. ಇಂತಹ ಸೀಮೆಯ ಮಾತು ಕೋಶಗಳಲ್ಲಿ ಪ್ರಯೋಗಸಹಿತವಾಗಿ ನಿಲ್ಲದಿದ್ದರೆ ನ್ಯೂನತೆಯು ಮಾತಿನದಲ್ಲ, ಕೋಶದ್ದು.

ಆದುದರಿಂದ ಕಾದಂಬರಿಯ ಪ್ರಯೋಗವನ್ನು ಉದ್ಧರಿಸುವಾಗ ಮುದ್ರಣದ ವರ್ಷ, ಅಧ್ಯಾಯ, ಪುಟ ಇವುಗಳೊಡನೆ ವಕ್ತೃವನ್ನೂ ಸೀಮೆಯನ್ನೂ ಹೇಳತಕ್ಕುದು. ಸಾಧ್ಯವಾದಷ್ಟೂ ಪ್ರಥಮ ಮುದ್ರಣವನ್ನೇ ಅನುಸರಿಸಿ, ಅದರ ಕಾಗುಣಿತವನ್ನು ತಿದ್ದದೆ ಉಳಿಸತಕ್ಕುದು. ತಿದ್ದಿದ ರೂಪವು ತಿದ್ದಿದವನ ಕಾಲಕ್ಕೆ ಸಾಕ್ಷಿಯೇ ಹೊರತು ಗ್ರಂಥಕಾರನ ಕಾಲಕ್ಕಲ್ಲ. ಅರ್ಥವು ಸ್ಫುಟವಾಗುವಷ್ಟು ವಾಕ್ಯವನ್ನು ಪೂರ್ತಿಯಾಗಿ ಕೊಡತಕ್ಕುದು. ಅಚ್ಚಿನ ಕೋಶಕಾರನಿಗೆ ಹಾಳೆಯ ಮಿತಿಯಿತ್ತು. ಅಂತರ್ಜಾಲದ ಕೋಶಕಾರನಿಗೆ ಆ ನೆಪವಿಲ್ಲ. ಅಲ್ಲಿ ಒಮ್ಮೆ ಸೇರಿದ ತಪ್ಪು ಕ್ಷಣದಲ್ಲಿ ನೂರು ಕಡೆ ಪ್ರತಿಯಾಗುವುದರಿಂದ ಅವನ ಹೊಣೆ ಹಿರಿಯರ ಹೊಣೆಗಿಂತ ಹೆಚ್ಚಿನದು. ವಿದ್ವಾಂಸರೂ ಉಪಾಧ್ಯಾಯರೂ ತಮ್ಮ ತಮ್ಮ ಸೀಮೆಯ ಕಾದಂಬರಿಗಳನ್ನು ಈ ದೃಷ್ಟಿಯಿಂದ ಓದಿ ಪ್ರಯೋಗಗಳನ್ನು ಸಂಗ್ರಹಿಸಿದರೆ ಮುಂದಿನ ಕೋಶಕ್ಕೆ ಅದು ಭದ್ರವಾದ ಅಡಿಪಾಯವಾಗುವುದು.